ಯಾವ ಪ್ರಾಣಿಗೆ ಯಾವ ಉಸಿರುಕೊಳವೆ? ಹತ್ತನೆಯ ತರಗತಿಯ ಉಸಿರಾಟದ ಪಾಠಕ್ಕೆ ಎರಡು ಅವಧಿಗಳ ಯೋಜನೆ

ಬೋಧನಾಭ್ಯಾಸಕ್ಕೆ ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದಿಂದ ಉಸಿರಾಟದ ಭಾಗವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಹೆಚ್ಚು. ಚಿತ್ರಪಟ ಸುಲಭವಾಗಿ ಸಿಗುತ್ತದೆ. ಬಾಟಲಿ ಕತ್ತರಿಸಿ ಬಲೂನು ಕಟ್ಟಿದ ಮಾದರಿಯನ್ನು ಅರ್ಧ ಗಂಟೆಯಲ್ಲಿ ಮಾಡಬಹುದು. ಆದರೆ ಪಾಠ ಮುಗಿದ ಮೇಲೆ ಮಕ್ಕಳಲ್ಲಿ ಉಳಿಯುವುದು ಬಹುತೇಕ ಭಾಗಗಳ ಹೆಸರು ಮಾತ್ರ. ಶ್ವಾಸನಾಳದಲ್ಲಿ ಮೃದ್ವಸ್ಥಿಯ ಉಂಗುರಗಳಿವೆ ಎಂದು ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ. ಆ ಉಂಗುರಗಳು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ.

ಇಲ್ಲಿ ಕೊಟ್ಟಿರುವ ಪಾಠವನ್ನು ಒಂದೇ ಒಂದು ಪ್ರಶ್ನೆಯ ಮೇಲೆ ಕಟ್ಟಲಾಗಿದೆ. ಪ್ರಾಣಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವಾಗ ಪಶುವೈದ್ಯರು ಅದರ ಶ್ವಾಸನಾಳದೊಳಗೆ ಒಂದು ಕೊಳವೆ ಇಳಿಸುತ್ತಾರೆ. ಆ ಕೊಳವೆ ಎಷ್ಟು ಅಗಲ, ಎಷ್ಟು ಉದ್ದ ಇರಬೇಕು? ಇದಕ್ಕೆ ಉತ್ತರ ಹುಡುಕಲು ಹೊರಟ ಮಗು ಶ್ವಾಸನಾಳ, ಅನ್ನನಾಳ, ಉಂಗುರ, ಶ್ವಾಸಕೋಶ, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ದಾಟಿಯೇ ಹೋಗಬೇಕಾಗುತ್ತದೆ. ಹೆಸರುಗಳು ಆಗ ಬಾಯಿಪಾಠವಾಗಿ ಬರುವುದಿಲ್ಲ, ಬೇಕಾಗಿ ಬರುತ್ತವೆ.

ಹದಿನಾರು ಮತ್ತು ಅದರ ಸುತ್ತಿನ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಲೆಗಳಿಗೆ ಹೋಗುವವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಕಪಿಲೆಯ ಬಯಲಿನ ಈ ಊರುಗಳಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಶಾಲೆಗೆ ಬರುವ ಮಕ್ಕಳಿದ್ದಾರೆ. ಬನ್ನೂರು ಕುರಿ ಸಾಕಿದ ಮನೆಗಳಿವೆ. ಸುತ್ತೂರು ಮತ್ತು ಮುಡುಕುತೊರೆಯ ಜಾತ್ರೆಗಳಲ್ಲಿ ಎತ್ತುಗಳನ್ನು ನೋಡಿ ಬೆಳೆದವರಿದ್ದಾರೆ. ಹಸು ಕಾಯಿಲೆ ಬಿದ್ದರೆ ಮನೆಯ ಲೆಕ್ಕವೇ ತಪ್ಪುತ್ತದೆ ಎಂಬುದು ಅವರಿಗೆ ನಾವು ಹೇಳಿಕೊಡಬೇಕಾದ ವಿಷಯವಲ್ಲ. ಪಾಠಕ್ಕೆ ಬೇಕಾದ ಅನುಭವದ ಅರ್ಧ ಭಾಗವನ್ನು ಮಕ್ಕಳೇ ತರುತ್ತಾರೆ. ಅದನ್ನು ಕೇಳಿಸಿಕೊಳ್ಳುವ ಜಾಗ ನಮ್ಮ ಯೋಜನೆಯಲ್ಲಿ ಇರಬೇಕು.

ಪಾಠದ ರೂಪುರೇಷೆ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಜೀವಕ್ರಿಯೆಗಳು, ಉಸಿರಾಟ. ಅವಧಿ: 40 ನಿಮಿಷಗಳ 2 ಅವಧಿ. ವಿಧಾನ: ರಚನಾವಾದದ ಐದು ಹಂತಗಳು.

ಕಲಿಕಾಂಶಗಳು:
1. ಶ್ವಾಸನಾಳ ಮತ್ತು ಅನ್ನನಾಳದ ಸ್ಥಾನ, ರಚನೆ, ಕೆಲಸಗಳನ್ನು ಹೋಲಿಸುವುದು.
2. ಕೊಳವೆಯ ಅಗಲ ಮತ್ತು ಉದ್ದ ಗಾಳಿಯ ಹರಿವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಪ್ರಯೋಗದಿಂದ ಕಂಡುಕೊಳ್ಳುವುದು.
3. ದೇಹದ ತೂಕಕ್ಕೂ ಶ್ವಾಸನಾಳದ ಅಗಲಕ್ಕೂ ಇರುವ ಸಂಬಂಧವನ್ನು ಲೆಕ್ಕ ಹಾಕಿ, ಆ ಲೆಕ್ಕ ಎಲ್ಲಿ ಸಾಲದು ಎಂದು ಗುರುತಿಸುವುದು.
4. ಒಂದು ಪ್ರಾಣಿಗೆ ಕೊಳವೆ ಆರಿಸಿ, ಆ ಆಯ್ಕೆಗೆ ಕಾರಣ ಕೊಡುವುದು.

ಸಾಮಗ್ರಿಗಳು: ತೆಳು ಮತ್ತು ದಪ್ಪ ಸ್ಟ್ರಾಗಳು (ಪ್ರತಿ ಮಗುವಿಗೂ ಬೇರೆ ಬೇರೆ), ಒಂದೇ ಉದ್ದದ ಸಲೈನ್ ಪೈಪ್ ಮತ್ತು ಗಾರೆ ಕೆಲಸದವರ ಲೆವೆಲ್ ಪೈಪ್, ಒಂದು ಬಕೆಟ್ ನೀರು, ಅಳತೆ ಜಾಡಿ, ಗಡಿಯಾರ, ಸುಣ್ಣದ ತಿಳಿನೀರು, ಉದ್ದ ಬಲೂನು, ದಾರ, ಟೇಪು. ಊರಲ್ಲಿ ಸಿಕ್ಕರೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ.

ಮೊದಲ ಅವಧಿ

ಹಂತ 1: ತೊಡಗಿಸಿಕೊಳ್ಳುವಿಕೆ (8 ನಿಮಿಷ)

ಗೊಟ್ಟವನ್ನು ಮೇಜಿನ ಮೇಲಿಟ್ಟು ಕೇಳಿ: “ಇದು ಏನು? ಮನೆಯಲ್ಲಿ ಇದನ್ನು ಯಾರು ಹಾಕುತ್ತಾರೆ? ಹಾಕುವಾಗ ಹಿರಿಯರು ಏನು ಎಚ್ಚರ ಹೇಳುತ್ತಾರೆ?” ದನದ ತಲೆಯನ್ನು ತುಂಬ ಮೇಲೆತ್ತಬಾರದು, ಒಂದೇ ಸಲ ಸುರಿಯಬಾರದು, ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು ಎಂಬ ಉತ್ತರಗಳು ಬರಬಹುದು. ಅವುಗಳನ್ನು ಮಕ್ಕಳ ಮಾತಿನಲ್ಲೇ ಕಪ್ಪುಹಲಗೆಯ ಎಡಭಾಗದಲ್ಲಿ ಬರೆಯಿರಿ. ಮುಂದಿನ ಪ್ರಶ್ನೆ: “ಕೆಮ್ಮಿದರೆ ಏಕೆ ಬಿಡಬೇಕು?” ಔಷಧಿ ‘ಅಡ್ಡದಾರಿ’ಗೆ ಹೋಯಿತು ಎಂದು ಯಾರಾದರೂ ಹೇಳಿದರೆ ಪಾಠ ಶುರುವಾಯಿತು ಎಂದುಕೊಳ್ಳಿ. ಗಂಟಲಲ್ಲಿ ಎರಡು ದಾರಿಗಳಿವೆ, ಒಂದು ಹೊಟ್ಟೆಗೆ, ಒಂದು ಶ್ವಾಸಕೋಶಕ್ಕೆ. ಶ್ವಾಸಕೋಶದ ದಾರಿಗೆ ದ್ರವ ಇಳಿದರೆ ದನಕ್ಕೆ ನ್ಯುಮೋನಿಯಾ ಬರಬಹುದು, ಸಾಯಲೂಬಹುದು. ಎಚ್ಚರವಾಗಿರುವ ದನಕ್ಕೆ ಕೆಮ್ಮೇ ಕಾವಲು.

ಈಗ ಮುಖ್ಯ ಪ್ರಶ್ನೆ ಇಡಿ: “ಅರಿವಳಿಕೆಯಲ್ಲಿ ಮಲಗಿದ ದನಕ್ಕೆ ಕೆಮ್ಮು ಬರುವುದಿಲ್ಲ, ನುಂಗಲೂ ಆಗುವುದಿಲ್ಲ. ಆಗ ಕಾವಲು ಯಾರು?”

ಬೋಧಕರಿಗೆ: ಪೂರ್ಣ ಅರಿವಳಿಕೆಯಲ್ಲಿ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಕೊಳವೆ ಆಗ ನಾಲ್ಕು ಕೆಲಸ ಮಾಡುತ್ತದೆ. ಉಸಿರಿನ ದಾರಿ ಮುಚ್ಚದಂತೆ ಕಾಯುತ್ತದೆ. ಆಮ್ಲಜನಕವನ್ನೂ ಅರಿವಳಿಕೆಯ ಅನಿಲವನ್ನೂ ಒಳಗೆ ಒಯ್ಯುತ್ತದೆ. ಉಸಿರು ನಿಧಾನವಾದರೆ ಹೊರಗಿನಿಂದ ಉಸಿರು ಕೊಡಲು ಅವಕಾಶ ಮಾಡುತ್ತದೆ. ಜೊಲ್ಲಾಗಲಿ ಹೊಟ್ಟೆಯ ಆಹಾರವಾಗಲಿ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ನಾಲ್ಕನೆಯ ಕೆಲಸಕ್ಕೆ ತೂಕ ಹೆಚ್ಚು. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ, ಅರಿವಳಿಕೆಯಲ್ಲೂ ಜೊಲ್ಲು ನಿಲ್ಲುವುದಿಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಹುದುಗುತ್ತಿರುವ ಮೇವು ಸದಾ ಇರುತ್ತದೆ. ಮಲಗಿಸಿದಾಗ ಹೊಟ್ಟೆಯ ಅನಿಲ ತೇಗಾಗಿ ಹೊರಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಒಳಗಿನದು ಬಾಯಿಗೆ ಮರಳಬಹುದು. ಅದಕ್ಕೇ ಯೋಜಿತ ಶಸ್ತ್ರಚಿಕಿತ್ಸೆಗೆ ಮುಂಚೆ ದೊಡ್ಡ ದನಗಳಿಗೆ ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮೇವು ನಿಲ್ಲಿಸುತ್ತಾರೆ.

ಹಂತ 2: ಅನ್ವೇಷಣೆ (17 ನಿಮಿಷ)

ಚಟುವಟಿಕೆ ಅ. ಮಕ್ಕಳು ಕತ್ತಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿ ಶ್ವಾಸನಾಳದ ಉಂಗುರಗಳನ್ನು ಗುರುತಿಸಲಿ. ಬಳಿಕ ಅನ್ನನಾಳವನ್ನು ಹುಡುಕಲು ಹೇಳಿ. ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದು ಚರ್ಚೆಗೆ. ಒಂದು ದಾರಿ ಸದಾ ತೆರೆದಿರಬೇಕು, ಇನ್ನೊಂದು ತುತ್ತು ಬಂದಾಗ ತೆರೆದರೆ ಸಾಕು ಎಂಬುದನ್ನು ಮಕ್ಕಳಿಂದಲೇ ಹೊರಡಿಸಿ. ಸಸ್ತನಿಗಳಲ್ಲಿ ಈ ಉಂಗುರಗಳು ಪೂರ್ತಿ ಸುತ್ತು ಬರುವುದಿಲ್ಲ, ಹಿಂಬದಿಯಲ್ಲಿ ತೆರೆದಿದ್ದು ಅಲ್ಲಿ ಮೃದುವಾದ ಪೊರೆ ಮತ್ತು ಸ್ನಾಯು ಇರುತ್ತವೆ. ಈ ವಿವರವನ್ನು ಈಗಲೇ ಚಿತ್ರದಲ್ಲಿ ತೋರಿಸಿ, ಎರಡನೆಯ ಅವಧಿಯಲ್ಲಿ ಬೇಕಾಗುತ್ತದೆ.

ಚಟುವಟಿಕೆ ಆ. ಮೂಗು ಹಿಡಿದು ದಪ್ಪ ಸ್ಟ್ರಾದಿಂದ 15 ಸೆಕೆಂಡು, ತೆಳು ಸ್ಟ್ರಾದಿಂದ 15 ಸೆಕೆಂಡು ಉಸಿರಾಡಲಿ. ಉಬ್ಬಸ ಇರುವ ಮಕ್ಕಳನ್ನು ಮೊದಲೇ ಕೇಳಿ ತಿಳಿದು ಅವರಿಗೆ ಗಡಿಯಾರ ನೋಡುವ ಕೆಲಸ ಕೊಡಿ. ಕಷ್ಟವೆನಿಸಿದ ಕೂಡಲೇ ನಿಲ್ಲಿಸಬೇಕೆಂದು ಮುಂಚೆಯೇ ಹೇಳಿ. “ಎಲ್ಲಿ ಆಯಾಸವಾಯಿತು? ಹೊಟ್ಟೆಯಲ್ಲೋ, ಎದೆಯಲ್ಲೋ, ಕೆನ್ನೆಯಲ್ಲೋ?” ಎಂದು ಕೇಳಿ. ಗಾಳಿ ತಾನಾಗಿ ಬರುವುದಿಲ್ಲ, ಸ್ನಾಯುಗಳು ಎಳೆಯಬೇಕು ಎಂಬುದು ಮೈಗೆ ತಿಳಿಯುವುದು ಇಲ್ಲಿಯೇ. ಅರಿವಳಿಕೆಯಲ್ಲಿರುವ ಪ್ರಾಣಿಯ ಸ್ನಾಯುಗಳು ಮೊದಲೇ ಸಡಿಲ. ಅದಕ್ಕೆ ಕಿರಿದಾದ ಕೊಳವೆ ಹಾಕಿದರೆ ದುಡಿಮೆ ಹೆಚ್ಚುತ್ತದೆ.

ಚಟುವಟಿಕೆ ಇ. ನೀರು ತುಂಬಿದ ಬಕೆಟ್ ಮೇಜಿನ ಮೇಲಿರಲಿ. ಒಂದೇ ಉದ್ದದ ಸಲೈನ್ ಪೈಪ್ ಮತ್ತು ಲೆವೆಲ್ ಪೈಪ್‌ಗಳಿಂದ ಒಂದೊಂದಾಗಿ 30 ಸೆಕೆಂಡು ನೀರು ಇಳಿಸಿ ಅಳೆಯಿರಿ. ಮೊದಲು ಪೈಪುಗಳ ಒಳಅಗಲವನ್ನು ಅಳೆದು, ಎಷ್ಟು ಪಟ್ಟು ನೀರು ಬರಬಹುದು ಎಂದು ಮಕ್ಕಳು ಊಹಿಸಿ ಬರೆದಿರಲಿ. ಅಗಲ ಎಷ್ಟು ಪಟ್ಟೋ ನೀರೂ ಅಷ್ಟೇ ಪಟ್ಟು ಎಂಬ ಊಹೆ ಬಹಳ ಸಹಜ. ಬಂದ ನೀರು ಆ ಊಹೆಯನ್ನು ಎಷ್ಟೋ ಮೀರಿರುತ್ತದೆ. ಬಾಳೆ ತೋಟಕ್ಕೆ ಡ್ರಿಪ್ ಹಾಕಿಸಿದ ಮನೆಯ ಮಕ್ಕಳು ತಕ್ಷಣ ಒಂದು ಉದಾಹರಣೆ ಹೇಳಬಹುದು: ಮುಖ್ಯ ಪೈಪನ್ನು ಸ್ವಲ್ಪ ಚಿಕ್ಕದು ಹಾಕಿದರೂ ಕೊನೆಯ ಸಾಲಿಗೆ ನೀರು ಹತ್ತುವುದಿಲ್ಲ.

ಹಂತ 3: ವಿವರಿಸುವಿಕೆ (15 ನಿಮಿಷ)

ಅಗಲ. ಹರಿವು ಶಾಂತವಾಗಿದ್ದಾಗ ಕೊಳವೆಯ ತಡೆ ಅದರ ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ, ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಇದು ಪ್ವಾಸೇಯ ನಿಯಮ. ವಿದ್ಯುತ್ ಅಧ್ಯಾಯದಲ್ಲಿ ತಂತಿಯ ರೋಧ ಉದ್ದಕ್ಕೆ ನೇರ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಎಂದು ಮಕ್ಕಳು ಓದುತ್ತಾರೆ. ಅಲ್ಲಿ ತ್ರಿಜ್ಯದ ವರ್ಗ, ಇಲ್ಲಿ ನಾಲ್ಕನೆಯ ಘಾತ. ಹೋಲಿಸಿ ತೋರಿಸಿ. ಒಳಅಗಲ 10 ಮಿಮೀ ಇದ್ದ ಕೊಳವೆಯ ಬದಲು 9 ಮಿಮೀ ಹಾಕಿದರೆ ತಡೆ ಸುಮಾರು 1.5 ಪಟ್ಟು, 8 ಮಿಮೀ ಹಾಕಿದರೆ ಸುಮಾರು 2.4 ಪಟ್ಟು, 5 ಮಿಮೀ ಹಾಕಿದರೆ 16 ಪಟ್ಟು. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ನೀರಿನ ಪ್ರಯೋಗದಲ್ಲಿ ಈ ಸಂಖ್ಯೆಗಳು ಕರಾರುವಾಕ್ಕಾಗಿ ಬರುವುದಿಲ್ಲ. ಅಗಲವಾದ ಪೈಪಿನಲ್ಲಿ ನೀರು ಸುಳಿಸುತ್ತಿ ಹರಿಯುವುದು ಅದಕ್ಕೆ ಕಾರಣ. ಇದನ್ನು ಮುಚ್ಚಿಡದೆ ಹೇಳಿ.

“ಹಾಗಾದರೆ ಆದಷ್ಟು ದೊಡ್ಡ ಕೊಳವೆ ಹಾಕಿಬಿಡೋಣವೇ?” ಎಂದು ಕೇಳಿ. ಬಲವಂತವಾಗಿ ತೂರಿಸಿದ ದೊಡ್ಡ ಕೊಳವೆ ಗಂಟಲಗೂಡನ್ನೂ ಶ್ವಾಸನಾಳದ ಒಳಪೊರೆಯನ್ನೂ ಗಾಯಗೊಳಿಸುತ್ತದೆ. ಊತ ಬಂದರೆ ಕೊಳವೆ ತೆಗೆದ ಮೇಲೆ ದಾರಿಯೇ ಕಿರಿದಾಗುತ್ತದೆ. ಆದ್ದರಿಂದ ನಿಯಮ ಹೀಗೆ: ಒತ್ತಡವಿಲ್ಲದೆ, ಸಲೀಸಾಗಿ ಇಳಿಯುವ ಕೊಳವೆಗಳಲ್ಲಿ ಅತಿ ಅಗಲವಾದದ್ದು. ಇದನ್ನು ಕಪ್ಪುಹಲಗೆಯ ನಡುವೆ ಬರೆಯಿರಿ.

ಉದ್ದ. ಬಾಯಿಯ ಮುಂಹಲ್ಲಿನಿಂದ ಎದೆಗೂಡಿನ ಪ್ರವೇಶದವರೆಗೆ, ಹೊರಗಿನಿಂದ ನೋಡಿದರೆ ಭುಜದ ತುದಿಯ ಮಟ್ಟಕ್ಕೆ, ಕೊಳವೆಯನ್ನು ಪ್ರಾಣಿಯ ಪಕ್ಕದಲ್ಲಿ ಹಿಡಿದು ಅಳೆಯುತ್ತಾರೆ. ಅದಕ್ಕಿಂತ ಉದ್ದವಾಗಿ ಒಳಗೆ ಹೋದರೆ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ದಾಟಿ ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಬಾಯಿಯ ಹೊರಗೆ ಉದ್ದವಾಗಿ ಉಳಿದರೂ ತೊಂದರೆ. ಹೊರಬಿಟ್ಟ ಉಸಿರಿನ ಒಂದಷ್ಟು ಭಾಗ ಆ ತುಂಡಿನಲ್ಲೇ ನಿಂತು ಮತ್ತೆ ಒಳಗೆ ಹೋಗುತ್ತದೆ. 5 ಕೆಜಿ ನಾಯಿ ಒಂದು ಉಸಿರಿಗೆ ಎಳೆಯುವ ಗಾಳಿ ಸುಮಾರು 50ರಿಂದ 75 ಮಿಲಿ. 6 ಮಿಮೀ ಕೊಳವೆ 10 ಸೆಂಮೀ ಹೊರಗೆ ಉಳಿದರೆ ಅದರೊಳಗಿನ ಗಾಳಿ ಸುಮಾರು 2.8 ಮಿಲಿ. ಸಿಲಿಂಡರಿನ ಘನಫಲದ ಸೂತ್ರ ಇಲ್ಲಿ ನಿಜವಾದ ಕೆಲಸಕ್ಕೆ ಬರುತ್ತದೆ.

ಕಫ್. ಕೊಳವೆಯ ತುದಿಯ ಬಳಿ ಸುತ್ತಲೂ ಒಂದು ಉಬ್ಬುವ ಪಟ್ಟಿ ಇರುತ್ತದೆ. ಹೊರಗಿನಿಂದ ಸಿರಿಂಜಿನಲ್ಲಿ ಗಾಳಿ ತುಂಬಿದರೆ ಅದು ಉಬ್ಬಿ ಕೊಳವೆಗೂ ಶ್ವಾಸನಾಳದ ಗೋಡೆಗೂ ನಡುವಿನ ಸಂದನ್ನು ಮುಚ್ಚುತ್ತದೆ. ಹಂತ 1ರಲ್ಲಿ ಕೇಳಿದ ‘ಕಾವಲು ಯಾರು?’ ಎಂಬುದಕ್ಕೆ ಇದೇ ಉತ್ತರ. ಮಕ್ಕಳ ಕಿವಿಗೆ ಇದು ‘ಕಫ’ ಎಂದು ಕೇಳಿಸುತ್ತದೆ, ಹಲಗೆಯ ಮೇಲೆ ಬರೆದು ತೋರಿಸಿ. ಬಲೂನನ್ನು ಪೈಪಿನ ಸುತ್ತ ಕಟ್ಟಿ ಅಗಲವಾದ ಬಾಟಲಿಯ ಕತ್ತಿನೊಳಗೆ ಉಬ್ಬಿಸಿದರೆ ಸಾಕು, ವಿವರಣೆ ಅರ್ಧ ಮುಗಿಯುತ್ತದೆ. ಕಫ್ ತುಂಬ ಉಬ್ಬಿದರೆ ಗೋಡೆಯ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗುತ್ತವೆ. ಆದ್ದರಿಂದ ಒತ್ತಡವನ್ನು ಸಾಮಾನ್ಯವಾಗಿ 20ರಿಂದ 30 ಸೆಂಮೀ ನೀರಿನ ಮಟ್ಟದೊಳಗೆ ಇಡುತ್ತಾರೆ. ಚಿಕ್ಕ ಕೊಳವೆ ಹಾಕಿ ಕಫ್ ಹೆಚ್ಚು ಉಬ್ಬಿಸಿ ಸರಿದೂಗಿಸುವುದು ಎರಡು ಕಡೆಯಿಂದಲೂ ನಷ್ಟ: ಉಸಿರಿಗೆ ತಡೆ, ಗೋಡೆಗೆ ಗಾಯ.

ಸಮಯವಿದ್ದರೆ ಎರಡು ಮಾತಿನ ಚರಿತ್ರೆ. 1543ರಲ್ಲಿ ಪ್ರಕಟವಾದ ತನ್ನ ಅಂಗರಚನಾ ಗ್ರಂಥದಲ್ಲಿ ವೆಸಾಲಿಯಸ್, ಪ್ರಾಣಿಯ ಶ್ವಾಸನಾಳಕ್ಕೆ ಜೊಂಡಿನ ಕೊಳವೆ ಇಟ್ಟು ಊದಿದರೆ ಶ್ವಾಸಕೋಶ ಮತ್ತೆ ಅರಳುತ್ತದೆ ಎಂದು ಬರೆದ. 1920ರ ದಶಕದಲ್ಲಿ ಅಮೆರಿಕದ ವೈದ್ಯ ಆರ್ಥರ್ ಗ್ಯುಡೆಲ್ ಕಫ್ ಇರುವ ಕೊಳವೆಯನ್ನು ರೂಪಿಸುವಾಗ ಪ್ರಾಣಿಗಳ ಶ್ವಾಸನಾಳಗಳನ್ನು ತಂದು ಪರೀಕ್ಷಿಸಿದ. ಬಳಿಕ ತನ್ನ ನಾಯಿಗೆ ಅರಿವಳಿಕೆ ಕೊಟ್ಟು, ಕಫ್ ಉಬ್ಬಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ವೈದ್ಯರ ಮುಂದೆ ತೋರಿಸಿದ. ಎಚ್ಚರವಾದ ನಾಯಿ ಮೈ ಕೊಡವಿ ಎದ್ದಿತು. ಒಂದು ಹನಿ ನೀರೂ ಶ್ವಾಸಕೋಶಕ್ಕೆ ಇಳಿಯದಂತೆ ಕಫ್ ತಡೆಯಬಲ್ಲದು ಎಂಬುದೇ ಆ ಪ್ರದರ್ಶನದ ವಾದ. ಪ್ರಾಣಿಯನ್ನು ಹೀಗೆ ಬಳಸಬಹುದೇ ಎಂದು ಮಕ್ಕಳು ಕೇಳಿದರೆ ಆ ಪ್ರಶ್ನೆಯನ್ನು ಬದಿಗೆ ತಳ್ಳಬೇಡಿ. ಒಂದು ನಿಮಿಷವಾದರೂ ಅದಕ್ಕೆ ಕೊಡಿ.

ಮನೆಗೆಲಸ: ಮನೆಯ ಅಥವಾ ನೆರೆಮನೆಯ ಕರು, ಕುರಿ, ನಾಯಿಗಳಲ್ಲಿ ಒಂದರ ಬಾಯಿಯ ತುದಿಯಿಂದ ಭುಜದ ತುದಿಯವರೆಗಿನ ಉದ್ದವನ್ನು ಹಿರಿಯರೊಬ್ಬರು ಪ್ರಾಣಿಯನ್ನು ಹಿಡಿದಿರುವಾಗ ದಾರದಲ್ಲಿ ಅಳೆದು ತರುವುದು. ಪ್ರಾಣಿಯ ಬಾಯಿಗೆ ಕೈ ಹಾಕಬಾರದು.

ಎರಡನೆಯ ಅವಧಿ

ಹಂತ 4: ವಿಸ್ತರಿಸುವಿಕೆ (25 ನಿಮಿಷ)

ಮಕ್ಕಳು ತಂದ ದಾರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ. ಉದ್ದದ ಪ್ರಶ್ನೆ ಕಣ್ಣಿಗೇ ಕಾಣುತ್ತದೆ. ಅಗಲವನ್ನು ಹೊರಗಿನಿಂದ ಅಳೆಯುವುದು ಕಷ್ಟ. ತೂಕದಿಂದ ಊಹಿಸಬಹುದೇ ಎಂಬುದು ಈ ಅವಧಿಯ ಪ್ರಶ್ನೆ.

ಒಂದು ಆಧಾರ ಕೊಡಿ: 20 ಕೆಜಿ ತೂಕದ ಸಾಧಾರಣ ಮೈಕಟ್ಟಿನ ನಾಯಿಗೆ ಒಳಅಗಲ 9ರಿಂದ 10 ಮಿಮೀ ಕೊಳವೆ ಬಳಕೆಯಲ್ಲಿದೆ. ನಡುವಿನ 9.5 ಇಟ್ಟುಕೊಳ್ಳೋಣ. 400 ಕೆಜಿ ಹಸು ಇದರ 20 ಪಟ್ಟು ತೂಕ. ಕೊಳವೆಯೂ 20 ಪಟ್ಟಾದರೆ 190 ಮಿಮೀ, ಅಂದರೆ ಕೊಡದ ಬಾಯಿಯಷ್ಟು! ಮಕ್ಕಳು ನಗುತ್ತಾರೆ, ನಗಲಿ. ತಪ್ಪು ಎಲ್ಲಿದೆ ಎಂದು ಕೇಳಿ. ಗಣಿತದ ಘನದ ಪಾಠವನ್ನು ನೆನಪಿಸಿ: ಬಾಹು 2 ಪಟ್ಟಾದರೆ ಘನಫಲ 8 ಪಟ್ಟು, ಬಾಹು 3 ಪಟ್ಟಾದರೆ ಘನಫಲ 27 ಪಟ್ಟು. ತೂಕ ಘನಫಲದ ಜೊತೆ ಹೋಗುತ್ತದೆ, ಅಗಲ ಬಾಹುವಿನ ಜೊತೆ ಹೋಗುತ್ತದೆ. 20 ಪಟ್ಟು ತೂಕಕ್ಕೆ ಬಾಹು ಎಷ್ಟು ಪಟ್ಟು? 2.7ನ್ನು ಮೂರು ಸಲ ಗುಣಿಸಿ ನೋಡಲಿ, 19.7 ಬರುತ್ತದೆ. 9.5ನ್ನು 2.7ರಿಂದ ಗುಣಿಸಿದರೆ ಸುಮಾರು 25.7 ಮಿಮೀ. ದೊಡ್ಡ ಹಸುವಿಗೆ ವಾಸ್ತವದಲ್ಲಿ ಬಳಸುವ ಕೊಳವೆ ಸುಮಾರು 22ರಿಂದ 28 ಮಿಮೀ. ತಾವು ಮಾಡಿದ ಲೆಕ್ಕ ನಿಜದ ಹತ್ತಿರ ಬಂದಾಗ ಮಕ್ಕಳಿಗೆ ಆಗುವ ಸಂತೋಷವನ್ನು ಅವಸರದಲ್ಲಿ ದಾಟಬೇಡಿ.

ಈಗ ಗುಂಪುಗಳಲ್ಲಿ ಉಳಿದ ಪ್ರಾಣಿಗಳ ಲೆಕ್ಕ. ‘ಬಳಕೆಯ ಅಳತೆ’ಯ ಕಾಲಮನ್ನು ಲೆಕ್ಕ ಮುಗಿಯುವವರೆಗೆ ಮುಚ್ಚಿಡಿ.

ಪ್ರಾಣಿ ಮತ್ತು ತೂಕ | ಲೆಕ್ಕದಿಂದ ಬಂದ ಅಗಲ | ಬಳಕೆಯ ಅಳತೆ, ಸುಮಾರು
ನಾಯಿ, 5 ಕೆಜಿ | 6 ಮಿಮೀ | 5.5–6.5 ಮಿಮೀ
ಬೆಕ್ಕು, 4 ಕೆಜಿ | 5.5 ಮಿಮೀ | 3.5–4.5 ಮಿಮೀ
ಕುರಿ, 30 ಕೆಜಿ | 10.8 ಮಿಮೀ | 8–10 ಮಿಮೀ
ಹಂದಿ, 50 ಕೆಜಿ | 12.9 ಮಿಮೀ | 8–10 ಮಿಮೀ
ಹಸು, 400 ಕೆಜಿ | 25.7 ಮಿಮೀ | 22–28 ಮಿಮೀ

ಕಾಲಮನ್ನು ತೆರೆದಾಗ ನಾಯಿ ಮತ್ತು ಹಸು ಸರಿಹೊಂದುತ್ತವೆ. ಕುರಿ ಸ್ವಲ್ಪ ತಪ್ಪುತ್ತದೆ. ಬೆಕ್ಕು, ಹಂದಿ ಪೂರ್ತಿ ತಪ್ಪುತ್ತವೆ. ಇಡೀ ಪಾಠದ ತಿರುಳು ಈ ಎರಡು ಸಾಲುಗಳಲ್ಲಿದೆ. “ಲೆಕ್ಕ ತಪ್ಪೇ? ಪ್ರಾಣಿ ತಪ್ಪೇ?” ಎಂದು ಕೇಳಿ ಕಾಯಿರಿ. ಲೆಕ್ಕವು ಎಲ್ಲ ಪ್ರಾಣಿಗಳ ಮೈಕಟ್ಟು ಒಂದೇ ಎಂದು ಹಿಡಿದುಕೊಂಡಿತ್ತು. ದೇಹದ ಗಾತ್ರಕ್ಕೆ ಹೋಲಿಸಿದರೆ ಹಂದಿಯ ಶ್ವಾಸನಾಳ ಕಿರಿದು. ಬೆಕ್ಕಿನ ಗಂಟಲಗೂಡು ಕಿರಿದು ಮಾತ್ರವಲ್ಲ, ಏನಾದರೂ ತಗುಲಿದರೆ ಬಿಗಿದು ಮುಚ್ಚಿಕೊಳ್ಳುವ ಸ್ವಭಾವದ್ದು. ಅದಕ್ಕೇ ವೈದ್ಯರು ಬೆಕ್ಕಿನ ಗಂಟಲಿಗೆ ಮರಗಟ್ಟಿಸುವ ಔಷಧಿಯ ಹನಿ ಹಾಕಿ, ಕೊಂಚ ಕಾದು, ಬಳಿಕ ಕೊಳವೆ ಇಳಿಸುತ್ತಾರೆ.

ಜಾತಿ ಒಂದೇ ಆದರೂ ತೂಕ ಮೋಸ ಮಾಡುವ ಎರಡು ಉದಾಹರಣೆಗಳನ್ನು ಸೇರಿಸಿ. ಚಪ್ಪಟೆ ಮೂತಿಯ ಪಗ್ ಅಥವಾ ಬುಲ್‌ಡಾಗ್‌ಗೆ ಅಷ್ಟೇ ತೂಕದ ಊರನಾಯಿಗಿಂತ ಒಂದೆರಡು ಅಳತೆ ಚಿಕ್ಕ ಕೊಳವೆ ಬೇಕಾಗಬಹುದು. ಕೊಬ್ಬು ಬಂದ 40 ಕೆಜಿ ಲ್ಯಾಬ್ರಡಾರ್‌ಗೆ ಕೊಬ್ಬಿಲ್ಲದಿದ್ದರೆ ಇರಬೇಕಾದ ತೂಕವನ್ನು ಹಿಡಿಯಬೇಕು. ಹೊಟ್ಟೆ ಬೆಳೆದರೆ ಶ್ವಾಸನಾಳ ಬೆಳೆಯುವುದಿಲ್ಲ.

ಕೊನೆಗೆ ಕೋಳಿ. ಪಕ್ಷಿಗಳ ಶ್ವಾಸನಾಳದ ಉಂಗುರಗಳು ಪೂರ್ತಿ ಸುತ್ತು ಬಂದಿರುತ್ತವೆ. ಹಿಂಬದಿಯ ಮೃದು ಭಾಗ ಇಲ್ಲ, ಹಿಗ್ಗಲು ಅವಕಾಶವಿಲ್ಲ. ಕಫ್ ಉಬ್ಬಿಸಿದರೆ ಗೋಡೆಗೆ ಪೆಟ್ಟು. ಆದ್ದರಿಂದ ಪಕ್ಷಿಗಳಿಗೆ ಕಫ್ ಇಲ್ಲದ ಕೊಳವೆ. ಮೊದಲ ಅವಧಿಯಲ್ಲಿ ಚಿತ್ರದಲ್ಲಿ ತೋರಿಸಿದ ‘ತೆರೆದ ಉಂಗುರ’ದ ಮಹತ್ವ ಇಲ್ಲಿ ತಿಳಿಯುತ್ತದೆ.

ಹಾಗಾದರೆ ವೈದ್ಯರು ಏನು ಮಾಡುತ್ತಾರೆ? ಪಟ್ಟಿ ನೋಡಿ ಒಂದು ಅಳತೆ ಆರಿಸುತ್ತಾರೆ. ಅದರ ಜೊತೆ ಒಂದು ದೊಡ್ಡದು, ಒಂದು ಚಿಕ್ಕದು ಹೀಗೆ ಮೂರು ಕೊಳವೆಗಳನ್ನು ಸಿದ್ಧವಾಗಿಡುತ್ತಾರೆ. ಕತ್ತನ್ನು ಬೆರಳಿನಿಂದ ಮುಟ್ಟಿ ಶ್ವಾಸನಾಳದ ಅಗಲ ಅಂದಾಜು ಮಾಡುತ್ತಾರೆ. ಕಫ್ ಸೋರುವುದಿಲ್ಲವೆಂದು ಮೊದಲೇ ಉಬ್ಬಿಸಿ ನೋಡುತ್ತಾರೆ. ನಾಯಿಯಲ್ಲಿ ನಾಲಿಗೆ ಎಳೆದು, ಬೆಳಕು ಬಿಟ್ಟು, ದಾರಿಯನ್ನು ಕಣ್ಣಾರೆ ನೋಡಿ ಇಳಿಸುತ್ತಾರೆ. ದೊಡ್ಡ ಹಸುವಿನ ಬಾಯಿ ಉದ್ದ, ಒಳಗೆ ಕಾಣುವುದಿಲ್ಲ. ಬಾಯಿ ಮುಚ್ಚದಂತೆ ಅಡ್ಡ ಕೊಟ್ಟು, ಕೈಯನ್ನೇ ಒಳಗೆ ತೂರಿಸಿ, ಬೆರಳಿನಿಂದ ಶ್ವಾಸನಾಳದ ಬಾಯಿಯನ್ನು ಗುರುತಿಸಿ ಕೊಳವೆಯನ್ನು ನಡೆಸುತ್ತಾರೆ.

ಕೊಳವೆ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯುವುದು ಹೇಗೆ? ಇಲ್ಲಿ ಸುಣ್ಣದ ತಿಳಿನೀರಿನ ಪ್ರಯೋಗ ಮಾಡಿಸಿ. ಉಸಿರು ಊದಿದರೆ ತಿಳಿ ಹಾಲಿನಂತಾಗುತ್ತದೆ, ಏಕೆಂದರೆ ಹೊರಬಿಟ್ಟ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕ್ಯಾಪ್ನೋಗ್ರಾಫ್ ಎಂಬ ಯಂತ್ರ ಪ್ರತಿ ಉಸಿರಿಗೂ ಇದೇ ಅನಿಲವನ್ನು ಅಳೆಯುತ್ತದೆ. ಕೊಳವೆ ತಪ್ಪಿ ಅನ್ನನಾಳಕ್ಕೆ ಹೋಗಿದ್ದರೆ ಉಸಿರಿಗೆ ತಕ್ಕಂತೆ ಏರಿಳಿಯುವ ಆ ರೇಖೆ ಬರುವುದಿಲ್ಲ. ಯಂತ್ರವಿಲ್ಲದ ಕಡೆ ಎದೆ ಏರಿಳಿಯುವುದನ್ನೂ, ಕೊಳವೆಯ ಒಳಗೆ ಉಸಿರಿನ ಹಬೆ ಮೂಡುವುದನ್ನೂ ನೋಡುತ್ತಾರೆ. ಪರೀಕ್ಷೆಗೆಂದು ಬರೆದುಕೊಂಡ ಪ್ರಯೋಗವೊಂದು ಜೀವ ಉಳಿಸುವ ತಪಾಸಣೆಯೂ ಹೌದು ಎಂದು ಮಕ್ಕಳು ಕಾಣಲಿ.

ಹಂತ 5: ಮೌಲ್ಯಮಾಪನ (15 ನಿಮಿಷ)

1. 10 ಮಿಮೀ ಕೊಳವೆ ಸಲೀಸಾಗಿ ಇಳಿಯುವ ನಾಯಿಗೆ 8 ಮಿಮೀ ಕೊಳವೆ ಹಾಕಿ, ಕಫ್ ಹೆಚ್ಚು ಉಬ್ಬಿಸಲಾಗಿದೆ. ಆಗುವ ಎರಡು ತೊಂದರೆಗಳನ್ನು ಕಾರಣ ಸಹಿತ ಬರೆಯಿರಿ.
2. ಕೊಳವೆ ಹಾಕಿದ ಕುರಿಯಲ್ಲಿ ಎದೆಯ ಒಂದು ಬದಿ ಮಾತ್ರ ಏರಿಳಿಯುತ್ತಿದೆ. ಏನಾಗಿರಬಹುದು? ಏನು ಮಾಡಬೇಕು?
3. ಶಸ್ತ್ರಚಿಕಿತ್ಸೆ ಮುಗಿದ ಹಸುವಿನ ಕೊಳವೆಯನ್ನು ಅದು ನುಂಗಲು, ಕೆಮ್ಮಲು ಶುರುಮಾಡುವವರೆಗೆ ತೆಗೆಯುವುದಿಲ್ಲ. ತೆಗೆಯುವಾಗಲೂ ಕಫ್‌ನ ಗಾಳಿಯನ್ನು ಪೂರ್ತಿ ಬಿಡುವುದಿಲ್ಲ. ಏಕೆ?
4. ಹಸುವಿನ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಎಷ್ಟೋ ಸಲ ಹಸು ನಿಂತಿರುವಾಗಲೇ, ಪಕ್ಕೆಯನ್ನು ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಇದರಿಂದ ಉಸಿರಾಟಕ್ಕೆ ಏನು ಅನುಕೂಲ?

ನಾಲ್ಕನೆಯ ಪ್ರಶ್ನೆಯನ್ನು ಬಿಡಬೇಡಿ. ಹಳ್ಳಿಗಳಲ್ಲಿ ದನಗಳ ಶಸ್ತ್ರಚಿಕಿತ್ಸೆ ಬಹುಪಾಲು ನಡೆಯುವುದು ಹೀಗೆಯೇ, ಕಷ್ಟದ ಹೆರಿಗೆಯ ಸಿಸೇರಿಯನ್ ಕೂಡ. ನಿಂತ ಹಸು ತಾನೇ ನುಂಗುತ್ತದೆ, ಕೆಮ್ಮುತ್ತದೆ, ತೇಗುತ್ತದೆ. ಅದರ ಕಾವಲು ಅದರ ಬಳಿಯೇ ಇರುತ್ತದೆ. ಕೊಳವೆ ಬೇಕೇ ಬೇಡವೇ ಎಂಬುದೂ ಆಯ್ಕೆಯ ಭಾಗ. ಈ ಪ್ರಶ್ನೆಯಿಲ್ಲದೆ ಪಾಠ ಮುಗಿದರೆ, ಮನೆಯಲ್ಲಿ ನಿಂತ ಹಸುವಿಗೆ ಚಿಕಿತ್ಸೆ ಮಾಡಿದ ವೈದ್ಯರು ಏನೋ ಬಿಟ್ಟರು ಎಂದು ಮಗು ತಪ್ಪು ತಿಳಿಯಬಹುದು.

ಎದುರಾಗುವ ತಪ್ಪು ಕಲ್ಪನೆಗಳು

‘ಕೊಳವೆಯೇ ಉಸಿರಾಡುತ್ತದೆ.’ ಕೊಳವೆ ದಾರಿ ಮಾತ್ರ. ಎದೆಗೂಡು ಹಿಗ್ಗದಿದ್ದರೆ, ಅಥವಾ ಯಾರಾದರೂ ಗಾಳಿ ಒತ್ತದಿದ್ದರೆ, ಎಷ್ಟು ಒಳ್ಳೆಯ ಕೊಳವೆಯೂ ವ್ಯರ್ಥ.

‘ಕೊಳವೆಯ ಸಂಖ್ಯೆ ಅದರ ಹೊರಅಗಲ.’ ಕೊಳವೆಯ ಮೇಲೆ ಮುಖ್ಯವಾಗಿ ಬರೆದಿರುವುದು ಒಳಅಗಲ. ಗಾಳಿ ಹರಿಯುವುದು ಒಳಅಗಲದಲ್ಲಿ, ಗಂಟಲು ದಾಟಬೇಕಾದದ್ದು ಹೊರಅಗಲ. ಗೋಡೆ ದಪ್ಪವಿದ್ದರೆ ಎರಡರ ನಡುವೆ ಅಂತರ ಹೆಚ್ಚು. ಸ್ಟ್ರಾ ಮತ್ತು ಲೆವೆಲ್ ಪೈಪ್ ಹಿಡಿದು ತೋರಿಸಿದರೆ ಸಾಕು.

‘ಅರಿವಳಿಕೆ ಎಂದರೆ ನಿದ್ದೆ.’ ನಿದ್ದೆಯಲ್ಲಿ ಕೆಮ್ಮು ನಮ್ಮನ್ನು ಎಬ್ಬಿಸುತ್ತದೆ, ಅರಿವಳಿಕೆಯಲ್ಲಿ ಎಬ್ಬಿಸುವುದಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಮತ್ತು ವೀಕ್ಷಕ ಅಧ್ಯಾಪಕರಿಗೆ

ಕೋಷ್ಟಕವನ್ನು ಮೊದಲೇ ಹಲಗೆಗೆ ಬರೆದುಬಿಡುವ ಆಸೆ ಈ ಪಾಠದಲ್ಲಿ ಬಲವಾಗಿರುತ್ತದೆ. ಅದು ಅಚ್ಚುಕಟ್ಟಾಗಿ ಕಾಣುತ್ತದೆ, ಮಕ್ಕಳು ಬರೆದುಕೊಳ್ಳುತ್ತಾರೆ, ಸಮಯ ಉಳಿಯುತ್ತದೆ. ಆದರೆ ಬೆಕ್ಕು, ಹಂದಿಯ ಸಾಲುಗಳು ಆಗ ಕೇವಲ ಇನ್ನೆರಡು ಸಂಖ್ಯೆಗಳಾಗುತ್ತವೆ. ತಾವು ಲೆಕ್ಕ ಹಾಕಿದ ಮೇಲೆ ಅದು ತಪ್ಪಿದಾಗಲೇ ಮಗು ‘ಏಕೆ’ ಎಂದು ಕೇಳುವುದು. ವೀಕ್ಷಣಾ ನಮೂನೆಯಲ್ಲಿ, ಕಾಲಮನ್ನು ತೆರೆಯುವ ಮುನ್ನ ಎಷ್ಟು ಮಕ್ಕಳು ತಮ್ಮ ಊಹೆಯನ್ನು ಬರೆದಿದ್ದರು ಎಂಬುದನ್ನು ದಾಖಲಿಸಿದರೆ ಚರ್ಚೆಗೆ ಗಟ್ಟಿಯಾದ ಆಧಾರ ಸಿಗುತ್ತದೆ.

ಮಾಂಸದ ಅಂಗಡಿಯಿಂದ ಕುರಿಯ ಶ್ವಾಸನಾಳ ತಂದು ತೋರಿಸಬಹುದೇ ಎಂಬ ಪ್ರಶ್ನೆ ಬರುತ್ತದೆ. ತೋರಿಸಿದರೆ ಉಂಗುರಗಳ ರಚನೆ ಚೆನ್ನಾಗಿ ತಿಳಿಯುವುದು ನಿಜ. ಆದರೆ ಎಲ್ಲ ಮನೆಗಳ ರೀತಿ ಒಂದೇ ಅಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ನೋಡಲು ಇಷ್ಟವಿಲ್ಲದ ಮಕ್ಕಳಿಗೆ ಬೇರೆ ಕೆಲಸ ಕೊಟ್ಟು, ಕೈಗವಸು ಹಾಕಿ ಮಾಡುವುದಾದರೆ ಮಾತ್ರ ಸರಿ. ಇಲ್ಲವಾದರೆ ಚಟುವಟಿಕೆ ಅ ಸಾಕು. ಹತ್ತಿರದ ಪಶು ಆಸ್ಪತ್ರೆಯ ವೈದ್ಯರು ಬಿಡುವಿದ್ದಾಗ ಬಂದು ಒಂದು ಹಳೆಯ ಕೊಳವೆ ತೋರಿಸಿದರೆ ಇನ್ನೂ ಒಳ್ಳೆಯದು.

ಇಲ್ಲಿನ ಅಳತೆಗಳು ಪಾಠಕ್ಕಾಗಿ ಕೊಟ್ಟ ಅಂದಾಜುಗಳು. ಅರಿವಳಿಕೆ ಮತ್ತು ಕೊಳವೆ ಪಶುವೈದ್ಯರ ಕೆಲಸ ಎಂಬುದನ್ನು ಮಕ್ಕಳಿಗೂ ಸ್ಪಷ್ಟವಾಗಿ ಹೇಳಿ.

ಅಂಕ ಕೊಡುವಾಗ ಒಂದು ವಿಷಯ ಗಮನಿಸಿ. “400 ಕೆಜಿ ಹಸುವಿಗೆ ಯಾವ ಕೊಳವೆ?” ಎಂದು ಕೇಳಿದಾಗ ಕೆಲವರು “26 ಮಿಮೀ” ಎಂದು ನೇರವಾಗಿ ಬರೆಯುತ್ತಾರೆ. ಅದು ಸರಿ, ಅಂಕ ಕೊಡಿ. ಒಬ್ಬ ಹುಡುಗ ಅಥವಾ ಹುಡುಗಿ “26ರ ಆಸುಪಾಸು, ಆದರೆ ಹಸುವಿನ ಕತ್ತು ಮುಟ್ಟಿ ನೋಡಬೇಕು, ಪಕ್ಕದಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇಟ್ಟುಕೊಳ್ಳಬೇಕು, ನಿಂತೇ ಮಾಡಲು ಬರುವುದಿಲ್ಲವೇ ಎಂದೂ ಕೇಳಬೇಕು” ಎಂದು ಬರೆದರೆ ಕಲಿಕಾಂಶಗಳು ನಾಲ್ಕೂ ಈಡೇರಿವೆ. ಆ ಉತ್ತರವನ್ನು ಮಗುವಿನ ಅನುಮತಿ ಪಡೆದು ಮಾರನೆಯ ದಿನ ತರಗತಿಯಲ್ಲಿ ಗಟ್ಟಿಯಾಗಿ ಓದಿ.